ಟಸರ್ ರೇಷ್ಮೆ: ಕಾಡಿನ ಹುಳು, ಗಟ್ಟಿ ಗೂಡು ಮತ್ತು ‘ಅಹಿಂಸಾ’ ಎಂಬ ಚೀಟಿ

ಕಾಡಿನ ಮರಗಳ ಮೇಲೆ ಬೆಳೆಯುವ ಒಂದು ದೊಡ್ಡ ಪತಂಗದ ಗೂಡಿನಿಂದ ತೆಗೆಯುವ ರೇಷ್ಮೆಗೆ ಟಸರ್ ಎಂದು ಹೆಸರು. ಹಿಂದಿಯಲ್ಲಿ ತಸರ್ ಎನ್ನುತ್ತಾರೆ. ಛತ್ತೀಸಗಢ ಮತ್ತು ವಿದರ್ಭದ ಕಡೆ ಕೋಸಾ ಎಂಬ ಹೆಸರೇ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ತಸರ ಎಂದರೆ ನೇಕಾರನ ಲಾಳಿ. ಹೆಸರು ಅಲ್ಲಿಂದಲೇ ಬಂತೆಂದು ಹೇಳುವವರುಂಟು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ರೇಷ್ಮೆಗೂ ಇದಕ್ಕೂ ಹುಳುವೂ ಬೇರೆ, ಮೇವೂ ಬೇರೆ, ನೂಲು ತೆಗೆಯುವ ಕ್ರಮವೂ ಬೇರೆ.

ಕರ್ನಾಟಕದ ಜೈನ ಕುಟುಂಬಗಳಿಗೆ ಈ ಬಟ್ಟೆಯ ಪರಿಚಯ ಹೆಚ್ಚಾಗಿ ಯಾತ್ರೆಯಿಂದ ಆದದ್ದು. ಸಮ್ಮೇದಶಿಖರಜಿಗೆ ಹೋದವರು ಹೆಚ್ಚಿನವರು ಚಂಪಾಪುರಿಗೂ ಹೋಗುತ್ತಾರೆ. ಹನ್ನೆರಡನೆಯ ತೀರ್ಥಂಕರ ವಾಸುಪೂಜ್ಯ ಸ್ವಾಮಿಗಳ ಐದೂ ಕಲ್ಯಾಣಗಳು ನಡೆದ ಕ್ಷೇತ್ರ ಅದು. ಅದು ಇರುವುದು ಬಿಹಾರದ ಭಾಗಲಪುರದ ಪಕ್ಕದ ನಾಥನಗರದಲ್ಲಿ. ಟಸರ್ ಮಗ್ಗಗಳ ಮೊಹಲ್ಲಾಗಳು ಇರುವುದೂ ಅದೇ ನಾಥನಗರ, ಚಂಪಾನಗರಗಳಲ್ಲಿಯೇ. ಹೀಗಾಗಿ ದರ್ಶನ ಮುಗಿಸಿ ಹೊರಟ ಯಾತ್ರಿಕರ ಚೀಲದಲ್ಲಿ ಒಂದೆರಡು ಟಸರ್ ಸೀರೆ, ಪೂಜೆಗೆಂದು ಒಂದು ಧೋತಿ–ದುಪಟ್ಟಾ ಸೇರಿಕೊಳ್ಳುವುದು ಸಹಜ. ಅಂಗಡಿಯಲ್ಲಿ ಸಿಗುವ ಮಾತು ಸಾಮಾನ್ಯವಾಗಿ ಒಂದೇ: “ಇದು ಕಾಡು ರೇಷ್ಮೆ, ಇದರಲ್ಲಿ ಹಿಂಸೆ ಇಲ್ಲ, ಜೈನರೇ ಜಾಸ್ತಿ ಒಯ್ಯುತ್ತಾರೆ.” ಈ ಮಾತಿನಲ್ಲಿ ನಿಜವೆಷ್ಟು ಎಂಬುದು ತಿಳಿಯಬೇಕಾದರೆ ಹುಳುವಿನಿಂದಲೇ ಶುರುಮಾಡಬೇಕು.

ಹುಳು ಮತ್ತು ಗೂಡು

ಟಸರ್ ಪತಂಗದ ಶಾಸ್ತ್ರೀಯ ಹೆಸರು ಆಂಥೀರಿಯಾ ಮೈಲಿಟಾ. ಮಧ್ಯ ಮತ್ತು ಪೂರ್ವ ಭಾರತದ ಒಣ ಎಲೆ ಉದುರುವ ಕಾಡುಗಳೇ ಇದರ ಮುಖ್ಯ ನೆಲೆ: ಜಾರ್ಖಂಡ್, ಛತ್ತೀಸಗಢ, ಒಡಿಶಾ, ಬಿಹಾರದ ತೆಂಕಣ ಭಾಗ, ಪಶ್ಚಿಮ ಬಂಗಾಳದ ಪುರುಲಿಯಾ–ಬಾಂಕುಡಾ, ಮಹಾರಾಷ್ಟ್ರದ ಭಂಡಾರಾ–ಗಡಚಿರೋಲಿ, ತೆಲಂಗಾಣದ ಮಹಾದೇವಪುರದ ಕಡೆ. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಈ ಪತಂಗ ಇದೆ. ಆದರೆ ಕರ್ನಾಟಕದಲ್ಲಿ ಇದನ್ನು ಕಸುಬಾಗಿ ಬೆಳೆಸುವ ಪದ್ಧತಿ ಬೇರೂರಲಿಲ್ಲ.

ಇದರ ಮೇವು ಮುಖ್ಯವಾಗಿ ಮೂರು ಮರಗಳು. ಅಲ್ಲಿಯವರು ಆಸನ್ ಎನ್ನುವ ನಮ್ಮ ಮತ್ತಿ, ಅರ್ಜುನ್ ಎನ್ನುವ ಹೊಳೆಮತ್ತಿ, ಮತ್ತು ಸಾಲ್ ಮರ. ಮಹಾವೀರ ಸ್ವಾಮಿಗಳಿಗೆ ಕೇವಲಜ್ಞಾನ ಉಂಟಾದದ್ದು ಸಾಲವೃಕ್ಷದ ಕೆಳಗೆ ಎಂದು ಓದಿದವರಿಗೆ ಆ ಮರ ಹೆಸರಿನಿಂದ ಗೊತ್ತು. ಬಸ್ತರ್ ಕಾಡಿನಲ್ಲಿ ‘ರೈಲಿ’ ಎಂಬ ಜಾತಿಯ ಟಸರ್ ಗೂಡು ಸಿಗುವುದು ಅದೇ ಸಾಲ್ ಮರದ ಮೇಲೆ. ಒಂದೇ ಪತಂಗ ಊರಿಂದ ಊರಿಗೆ ಗೂಡಿನ ಬಣ್ಣ, ಗಾತ್ರ ಬದಲಿಸುತ್ತದೆ. ಸಿಂಹಭೂಮದ್ದು ದಾಬಾ, ಒಡಿಶಾದ ಸಿಮಲಿಪಾಲದ್ದು ಮೋದಲ್, ಇನ್ನು ಸುಕಿಂದಾ, ಲರಿಯಾ, ಸರಿಹಾನ್ ಎಂದು ಹಲವು. ಇವೆಲ್ಲ ಒಂದೇ ಕುಲದ ಸ್ಥಳೀಯ ಬಗೆಗಳು.

ಮುಂಗಾರು ಮಳೆ ಬಿದ್ದು ನೆಲ ತಣ್ಣಗಾಗುತ್ತಲೇ, ಜೂನ್ ಹೊತ್ತಿಗೆ, ಹಿಂದಿನ ವರ್ಷದ ಗೂಡುಗಳಿಂದ ಪತಂಗಗಳು ಹೊರಬರುತ್ತವೆ. ಹೆಣ್ಣು ದೊಡ್ಡದು, ಹಳದಿ ಅಥವಾ ಬೂದು ಬಣ್ಣ. ಗಂಡು ಚಿಕ್ಕದು, ಹೆಚ್ಚಾಗಿ ಕೆಂಪುಗಂದು. ನಾಲ್ಕು ರೆಕ್ಕೆಗಳ ಮೇಲೂ ಕಣ್ಣಿನಂಥ ಒಂದೊಂದು ಚುಕ್ಕೆ, ಅದರ ನಡುವೆ ಗಾಜಿನ ಹಾಗೆ ಪಾರದರ್ಶಕ ಜಾಗ. ಈ ಪತಂಗಕ್ಕೆ ತಿನ್ನುವ ಬಾಯಿ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿಯ ಮೇಲೆಯೇ ಒಂದು ವಾರ ಹತ್ತು ದಿನ ಬದುಕಿ, ಜೊತೆಗೂಡಿ, ಹೆಣ್ಣು ಇನ್ನೂರರ ಆಸುಪಾಸು ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಲೆಕ್ಕದಲ್ಲಿ ಅದು ಜೀವನಪೂರ್ತಿ ಉಪವಾಸ.

ಮೊಟ್ಟೆಯೊಡೆದ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೇಷ್ಮೆ ರೈತರು ಇದನ್ನೇ ಜ್ವರ ಎನ್ನುವುದು. ಐದನೆಯ ಹಂತಕ್ಕೆ ಬಂದ ಹುಳು ಹಸಿರಾಗಿ, ಕೈಬೆರಳಿಗಿಂತ ದಪ್ಪವಾಗಿ ಬೆಳೆಯುತ್ತದೆ. ಮಳೆಗಾಲದ ಬೆಳೆಯಲ್ಲಿ ಒಂದು ತಿಂಗಳಿಗೆ ಮೇಲ್ಪಟ್ಟು, ಚಳಿ ಹತ್ತಿರವಾದ ಬೆಳೆಯಲ್ಲಿ ಎರಡು ತಿಂಗಳವರೆಗೆ ಎಲೆ ಮೇಯುತ್ತದೆ. ಹಣ್ಣಾದ ಹುಳು ಮೊದಲು ಕೊಂಬೆಗೆ ರೇಷ್ಮೆಯದೇ ಒಂದು ಉಂಗುರ ಹಾಕಿ, ಅದರಿಂದ ತೊಟ್ಟು ಇಳಿಸಿ, ಆಮೇಲೆ ಎರಡು ಮೂರು ಎಲೆಗಳ ಮರೆಯಲ್ಲಿ ಗೂಡು ಕಟ್ಟುತ್ತದೆ. ಎಲೆ ಉದುರಿದರೂ ಗೂಡು ಉದುರದೆ ಕಾಯಿಯ ಹಾಗೆ ತೂಗುತ್ತಿರುವುದು ಈ ತೊಟ್ಟಿನಿಂದ. ಗೋಡೆ ಎಷ್ಟು ಗಟ್ಟಿಯೆಂದರೆ ಬೆರಳಿನಿಂದ ಒತ್ತಿದರೆ ಬಗ್ಗುವುದಿಲ್ಲ. ಈ ಗೂಡನ್ನು ಸುರುಳಿಯಾಗಿ ಕತ್ತರಿಸಿ ಪಟ್ಟಿ ಮಾಡಿ, ಕೋವಿಯ ನಳಿಗೆಯನ್ನು ಮರದ ಹಿಡಿಗೆ ಬಿಗಿಯಲು ಮರಾಠಿ ನಾಡಿನವರು ಬಳಸುತ್ತಿದ್ದರೆಂದು 1830ರ ದಶಕದಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿದ್ದಾನೆ.

ಬೇಸಾಯದ ಕ್ರಮ

ಹಿಪ್ಪುನೇರಳೆ ಹುಳುವಿಗೆ ಮನೆ, ತಟ್ಟೆ, ಚಂದ್ರಿಕೆ ಎಲ್ಲ ಬೇಕು. ಟಸರ್ ಹುಳುವಿಗೆ ಮರವೇ ಮನೆ. ಸಂತಾಲ, ಹೋ, ಮುಂಡಾ, ಗೋಂಡ ಮುಂತಾದ ಬುಡಕಟ್ಟಿನ ಕುಟುಂಬಗಳು ಮೊಟ್ಟೆಗಳನ್ನೋ ಆಗ ತಾನೇ ಒಡೆದ ಹುಳುಗಳನ್ನೋ ಮತ್ತಿ ಮರಕ್ಕೆ ಬಿಟ್ಟು, ಅಲ್ಲಿಯೇ ಗುಡಿಸಲು ಹಾಕಿಕೊಂಡು ಹಗಲಿರುಳು ಕಾಯುತ್ತವೆ. ಕಾಗೆ, ಕಣಜ, ಇರುವೆ, ಬಾವಲಿ, ಊಜಿ ನೊಣ – ಶತ್ರುಗಳಿಗೆ ಲೆಕ್ಕವಿಲ್ಲ. ಹಕ್ಕಿಗಳನ್ನು ಮಣ್ಣಿನ ಗುಂಡು ಬೀಸಿ ಓಡಿಸುತ್ತಾರೆ. ಒಂದು ಮರದ ಎಲೆ ತೀರಿದರೆ ಹುಳುಗಳನ್ನು ಕೊಂಬೆಸಮೇತ ಇನ್ನೊಂದು ಮರಕ್ಕೆ ಸಾಗಿಸುತ್ತಾರೆ. ಮೊಟ್ಟೆಯಿಂದ ಬಂದ ಹುಳುಗಳಲ್ಲಿ ಗೂಡು ಕಟ್ಟುವವು ಅರ್ಧಕ್ಕಿಂತ ಎಷ್ಟೋ ಕಡಿಮೆ.

ಹುಳು ಮರದ ಮೇಲಿರುವಷ್ಟು ದಿನ ಮಾಂಸ ತಿನ್ನದೆ, ಬ್ರಹ್ಮಚರ್ಯ ಪಾಲಿಸಿ, ಮಡಿಯಲ್ಲಿರುವ ಪದ್ಧತಿ ಬೆಳೆಗಾರರಲ್ಲಿತ್ತೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ಗೂಡನ್ನು ಕೊನೆಗೆ ಬೇಯಿಸುವುದೇ ಆದರೂ ಹುಳು ಬೆಳೆಯುವ ಕಾಲಕ್ಕೆ ಇಷ್ಟು ನೇಮ. ಇದನ್ನು ಹಾಸ್ಯ ಮಾಡುವ ಬದಲು ಗಮನಿಸುವುದು ಒಳ್ಳೆಯದು.

ಗೂಡಿನ ವ್ಯಾಪಾರ ತೂಕದಲ್ಲಿ ಅಲ್ಲ, ಎಣಿಕೆಯಲ್ಲಿ. 80 ಗೂಡಿಗೆ ಒಂದು ಪಣ, 16 ಪಣಕ್ಕೆ ಒಂದು ಕಾಹಣ, ಅಂದರೆ 1,280 ಗೂಡು. ಕವಡೆಯ ಕಾಲದ ಲೆಕ್ಕ ಇನ್ನೂ ನಡೆಯುತ್ತಿದೆ. ಗೂಡು ಒಳ್ಳೆಯದಾದರೆ ಒಂದು ಕಾಹಣದಿಂದ ಸುಮಾರು ಒಂದು ಕಿಲೋ ನೂಲು ಬರುತ್ತದೆ. ಅರ್ಧ ಕಿಲೋ ತೂಗುವ ಸೀರೆ ಎಂದರೆ ಆರು ನೂರರ ಮೇಲೆ ಗೂಡು ಎಂದಾಯಿತು.

ಗೂಡಿನಿಂದ ನೂಲಿಗೆ

ಹಿಂಸೆಯ ಪ್ರಶ್ನೆ ನಿಲ್ಲುವುದು ಇಲ್ಲಿ. ಗೂಡಿನೊಳಗೆ ಹುಳು ಕೋಶವಾಗಿ ಮಲಗಿರುತ್ತದೆ. ಬಿಟ್ಟರೆ ತಕ್ಕ ಕಾಲಕ್ಕೆ ಪತಂಗವಾಗಿ, ಬಾಯಿಯ ಬಳಿಯಿಂದ ಒಂದು ರಸ ಬಿಟ್ಟು, ಗೂಡಿನ ತುದಿಯ ಅಂಟನ್ನು ಮೆತ್ತಗೆ ಮಾಡಿ, ಎಳೆಗಳನ್ನು ಸರಿಸಿಕೊಂಡು ಹೊರಬರುತ್ತದೆ. ಆಗ ಗೂಡಿನ ತುದಿಯಲ್ಲಿ ತೂತು ಉಳಿಯುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಒಂದೇ ಎಳೆಯನ್ನು ಬಿಚ್ಚಲು ಬರುವುದಿಲ್ಲ. ಒಂದೇ ಎಳೆ ಬೇಕೆಂದರೆ ಪತಂಗ ಹೊರಬರುವ ಮೊದಲೇ ಅದನ್ನು ಕೊಲ್ಲಬೇಕು. ಹಿಪ್ಪುನೇರಳೆ ರೇಷ್ಮೆಯಲ್ಲಿ ಹೇಗೋ ಟಸರಿನಲ್ಲಿಯೂ ಹಾಗೆಯೇ. ಗೂಡುಗಳನ್ನು ಬಿಸಿಲಿಗೆ ಹರಡುತ್ತಾರೆ, ಇಲ್ಲವೆ ಹಬೆಗೆ ಅಥವಾ ಬಿಸಿ ಗಾಳಿಗೆ ಇಡುತ್ತಾರೆ. ಆಮೇಲೆ ಸೋಡಾ ಹಾಕಿದ ನೀರಿನಲ್ಲಿ ಬೇಯಿಸುತ್ತಾರೆ. ಬರಿಯ ಬಿಸಿ ನೀರಿಗೆ ಈ ಗೂಡು ಜಗ್ಗುವುದಿಲ್ಲ. ಬೆಂದ ಗೂಡುಗಳಿಂದ ಹೆಂಗಸರು ಎಳೆ ತೆಗೆದು ತೊಡೆಯ ಮೇಲೆ ಹೊಸೆದು ನೂಲು ಮಾಡುವುದು ಹಳೆಯ ಕ್ರಮ. ತೊಡೆಯ ಚರ್ಮ ಸುಲಿದು ಗಾಯವಾಗುವ ಈ ಕೆಲಸವನ್ನು ನಿಲ್ಲಿಸಲು ಕೇಂದ್ರ ರೇಷ್ಮೆ ಮಂಡಳಿಯ ತಾಂತ್ರಿಕ ಸಂಸ್ಥೆ ‘ಬುನಿಯಾದ್’ ಎಂಬ ಯಂತ್ರವನ್ನು ಹೊರತಂದಿದೆ. ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಟಸರ್ ಸಂಶೋಧನಾ ಸಂಸ್ಥೆ 1964ರಿಂದ ರಾಂಚಿಯಲ್ಲಿದೆ.

ಅಂದರೆ, ಕಾಡು ರೇಷ್ಮೆ ಎಂಬ ಮಾತಿಗೂ ಅಹಿಂಸಾ ರೇಷ್ಮೆ ಎಂಬ ಮಾತಿಗೂ ಸಂಬಂಧವಿಲ್ಲ. ಹುಳು ಕಾಡಿನಲ್ಲಿ ಬೆಳೆಯಿತು ಎಂಬುದಷ್ಟೇ ಮೊದಲನೆಯ ಮಾತಿನ ಅರ್ಥ. ಮಾರುಕಟ್ಟೆಯ ನುಣುಪಾದ, ಹೊಳೆಯುವ, ಎಳೆ ಸಮನಾದ ಟಸರ್ ಬಟ್ಟೆಯಲ್ಲಿ ಗೂಡಿನೊಳಗಿನ ಜೀವ ಸತ್ತಿದೆ ಎಂದೇ ತಿಳಿಯಬೇಕು. ಹೀಗಿದ್ದೂ ತಿಳಿದವರೇ ಈ ಎರಡನ್ನೂ ಒಂದು ಮಾಡಿ ಹೇಳುತ್ತಾರೆ, ಕೊಳ್ಳುವವರು ನಂಬಲು ಸಿದ್ಧರಾಗಿಯೇ ಬಂದಿರುತ್ತಾರೆ.

ಹಾಗಾದರೆ ಪತಂಗ ಹಾರಿಹೋದ ಗೂಡಿನ ನೂಲು ಇಲ್ಲವೇ ಇಲ್ಲವೆ? ಇದೆ. ಮುಂದಿನ ಬೆಳೆಗೆ ಮೊಟ್ಟೆ ಬೇಕಲ್ಲ. ಅದಕ್ಕಾಗಿ ಇಟ್ಟ ಬಿತ್ತನೆ ಗೂಡುಗಳಿಂದ ಪತಂಗಗಳು ತಾವಾಗಿ ಹೊರಬರಲೇಬೇಕು. ಉಳಿದ ತೂತು ಗೂಡುಗಳನ್ನು ಬೇಯಿಸಿ, ಕೈಯಿಂದ ಜಗ್ಗಿ ತೆಗೆದ ನೂಲಿಗೆ ಘೀಚಾ ಎನ್ನುತ್ತಾರೆ. ಇದು ಗಂಟು ಗಂಟಾಗಿ, ಒಂದೆಡೆ ದಪ್ಪ ಒಂದೆಡೆ ತೆಳುವಾಗಿ, ಹೊಳಪು ಕಡಿಮೆಯಾಗಿ ಇರುತ್ತದೆ. ನೂಲು ಬಿಚ್ಚುವಾಗ ಉಳಿದ ಚೂರುಪಾರನ್ನು ನೂತದ್ದು ಕಟಿಯಾ. ಗೂಡಿನ ತೊಟ್ಟಿನಿಂದ ಮಾಡಿದ್ದು ಬಲ್ಕಲ್, ಇದು ತುಂಬ ಒರಟು.

ಘೀಚಾ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ, ಎರಡು ಕಾರಣಕ್ಕೆ. ಬಿಚ್ಚಲು ಬಾರದ ಕೆಟ್ಟ ಗೂಡುಗಳೆಲ್ಲ ಘೀಚಾಕ್ಕೇ ಹೋಗುತ್ತವೆ; ಅವುಗಳಲ್ಲಿ ತೂತಿಲ್ಲದವೂ, ಒಳಗಿನ ಜೀವ ಬಿಸಿಲಿಗೆ ಸತ್ತವೂ ಇರುತ್ತವೆ. ಇನ್ನೊಂದು, ಘೀಚಾ ಎಳೆ ಹಾಸಿಗೆ ಅಷ್ಟು ಒದಗುವುದಿಲ್ಲ. ಆದ್ದರಿಂದ ಅನೇಕ ಘೀಚಾ ಸೀರೆಗಳಲ್ಲಿ ಹೊಕ್ಕು ಮಾತ್ರ ಘೀಚಾ, ಹಾಸು ಬಿಚ್ಚಿದ ರೇಷ್ಮೆ ಅಥವಾ ಹತ್ತಿ. ಹಾಸು ಯಾವುದೆಂದು ಕೇಳದೆ ಕೊಂಡರೆ ಅರ್ಧ ಸೀರೆಯ ವಿಷಯ ಮಾತ್ರ ತಿಳಿದಂತಾಗುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಮಾತು ಮತ್ತೊಂದಿದೆ. ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ರೋಗವೆಂಬ ಪೆಬ್ರಿನ್ ತಾಯಿಯಿಂದ ಮೊಟ್ಟೆಗೆ ಬರುವಂಥದು. ತಾಯಿಯಲ್ಲಿ ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಕಸುಬನ್ನು ಉಳಿಸಲು ಲೂಯಿ ಪಾಶ್ಚರ್ ತೋರಿಸಿದ ವಿಧಾನ ಇದು, ಇಂದಿಗೂ ಎಲ್ಲ ರೇಷ್ಮೆಗೂ ಇದೇ ಆಧಾರ. ರೋಗ ಹರಡಿದರೆ ಇಡೀ ಬೆಳೆಯೇ ಸಾಯುವುದರಿಂದ ಬೆಳೆಗಾರನ ದೃಷ್ಟಿಯಲ್ಲಿ ಇದು ಅನಿವಾರ್ಯ. ಆದರೆ ತೂತು ಗೂಡಿನ ನೂಲಿನ ಹಿಂದೆಯೂ ಹೀಗೊಂದು ಸಾವು ಇದ್ದಿರಬಹುದು ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು.

ಇತರ ಪ್ರಯತ್ನಗಳು

ಅಹಿಂಸಾ ರೇಷ್ಮೆ ಎಂಬ ಹೆಸರು ದೇಶಕ್ಕೆ ಪರಿಚಯವಾದದ್ದು ಹೈದರಾಬಾದಿನ ಕುಸುಮ ರಾಜಯ್ಯ ಅವರಿಂದ. ಕೈಮಗ್ಗ ಸಹಕಾರ ಸಂಸ್ಥೆಯ ನೌಕರರಾಗಿದ್ದ ಅವರಿಗೆ 1990ರ ಸುಮಾರಿನಲ್ಲಿ, ಅಂದಿನ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಪತ್ನಿ ಜಾನಕಿ ವೆಂಕಟರಾಮನ್ ಹುಳು ಕೊಲ್ಲದ ರೇಷ್ಮೆ ಸೀರೆ ಸಿಗುವುದೇ ಎಂದು ಕೇಳಿದ್ದೇ ಪ್ರೇರಣೆಯಾಯಿತು. ಅವರು ಆರಿಸಿಕೊಂಡದ್ದು ಹಿಪ್ಪುನೇರಳೆಯ ತೂತು ಗೂಡು. ಈ ವಿಧಾನಕ್ಕೆ ಪೇಟೆಂಟ್ ಸಹ ಪಡೆದರು. ನೂಲು ಕಡಿಮೆ, ಕೆಲಸ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು.

ಈಶಾನ್ಯ ಭಾರತದ ಎರಿ ರೇಷ್ಮೆಯನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ಹರಳೆಲೆ ತಿನ್ನುವ ಈ ಹುಳುವಿನ ಗೂಡಿಗೆ ಒಂದು ತುದಿಯಲ್ಲಿ ಬಾಯಿ ಇರುತ್ತದೆ, ಎಳೆಯೂ ಒಂದೇ ಉದ್ದವಲ್ಲ, ಹತ್ತಿಯ ಹಾಗೆ ನೂಲಬೇಕು. ನೂಲಿಗಾಗಿ ಕೊಲ್ಲಬೇಕಾದ ಅಗತ್ಯ ಇದರಲ್ಲಿ ಇಲ್ಲ ಎಂಬುದು ಸರಿ. ಆದರೆ ಅಸ್ಸಾಂ, ಮೇಘಾಲಯದ ಕಡೆ ಎರಿಯ ಕೋಶ ಆಹಾರ ಪದಾರ್ಥ. ಗೂಡಿನಿಂದ ಅದನ್ನು ತೆಗೆದು ತಿನ್ನುವುದು ರೂಢಿ. ಆದ್ದರಿಂದ ಎರಿಯಲ್ಲಿಯೂ ಪತಂಗ ಹಾರಿಹೋದ ಗೂಡೇ ಎಂದು ಬೆಳೆಗಾರರ ಸಂಘ ಅಥವಾ ಮಾರುವವರು ಬರೆದುಕೊಟ್ಟರೆ ಮಾತ್ರ ನಂಬಬಹುದು.

ಹಳೆಯ ಸಂಗತಿಗಳು

ಹರಪ್ಪ ಮತ್ತು ಚನ್ಹುದಾರೋ ನೆಲೆಗಳಲ್ಲಿ ಸಿಕ್ಕ ಒಡವೆ, ಮಣಿಗಳಿಗೆ ಅಂಟಿದ್ದ ಎಳೆಗಳನ್ನು ಪರೀಕ್ಷಿಸಿ, ಅವು ಆಂಥೀರಿಯಾ ಕುಲದ ಕಾಡು ರೇಷ್ಮೆಯವು, ಕ್ರಿಸ್ತಪೂರ್ವ ಎರಡು ಸಾವಿರಕ್ಕಿಂತ ಹಿಂದಿನವು ಎಂದು 2009ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಚೀನಾದಿಂದ ಬಂದ ರೇಷ್ಮೆಯೊಂದೇ ನಮ್ಮ ದೇಶದ ರೇಷ್ಮೆ ಎಂಬ ಹಳೆಯ ತಿಳಿವಳಿಕೆ ಇದರಿಂದ ಬದಲಾಯಿತು. ಜೈನ ಆಗಮಗಳಲ್ಲಿಯೂ ಈ ವಿಷಯ ಬರುತ್ತದೆ. ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರ ನೂಲಿನ ಬಗೆಗಳನ್ನು ಎಣಿಸುವಾಗ ಹತ್ತಿ, ಕೂದಲು, ನಾರುಗಳ ಜೊತೆ ಕೀಟದಿಂದ ಬರುವ ನೂಲನ್ನು ಬೇರೆಯಾಗಿ ಹೇಳಿ, ಅದರಲ್ಲಿ ಐದು ಬಗೆ ಎಂದು ಪಟ್ಟ, ಚೀನಾಂಶುಕ ಮುಂತಾದ ಹೆಸರು ಕೊಡುತ್ತದೆ. ನೂಲು ಜೀವಿಯಿಂದ ಬಂದದ್ದು ಎಂಬುದು ಆಗಲೇ ಸ್ಪಷ್ಟವಾಗಿ ಗೊತ್ತಿತ್ತು. ಪತಂಗವು ನಾಲ್ಕು ಇಂದ್ರಿಯಗಳ ಜೀವ ಎಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು.

1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸ ಓದುವವರಿಗೆ ಗೊತ್ತಿರುವ ಹೆಸರು. ಅದೇ ಬುಕಾನನ್ 1810–11ರಲ್ಲಿ ಭಾಗಲಪುರ ಜಿಲ್ಲೆಯ ಸಮೀಕ್ಷೆ ಮಾಡಿದ. ಅಲ್ಲಿಯ ಟಸರ್ ನೇಯ್ಗೆ, ಟಸರ್ ಮತ್ತು ಹತ್ತಿ ಬೆರೆಸಿದ ಬಟ್ಟೆಗಳ ವಿಷಯ ಅದರಲ್ಲಿದೆ. ಟಸರ್ ನೂಲಿಗೆ ಬಣ್ಣ ಸರಿಯಾಗಿ ಹಿಡಿಯದೆಂಬ ತೊಡಕನ್ನು ಇಂಗ್ಲೆಂಡಿನ ಲೀಕ್ ಊರಿನ ಥಾಮಸ್ ವಾರ್ಡಲ್ 1870ರ ದಶಕದಲ್ಲಿ ಬಿಡಿಸಿದ ಮೇಲೆ ಇದು ಯೂರೋಪಿಗೂ ಹೋಯಿತು.

ಟಸರ್ ಸೀಮೆಯಲ್ಲಿಯೇ ಸರಾಕರು ಇದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು. ಪುರುಲಿಯಾ, ಬಾಂಕುಡಾ, ರಾಂಚಿ, ಸಿಂಹಭೂಮ ಮತ್ತು ಒಡಿಶಾದ ಕೆಲವು ಭಾಗಗಳಲ್ಲಿ ಹರಡಿರುವ ಈ ಸಮುದಾಯದ ಹೆಸರೇ ಶ್ರಾವಕ ಎಂಬ ಶಬ್ದದಿಂದ ಬಂದದ್ದು. ಆದಿದೇವ, ಅನಂತದೇವ, ಧರ್ಮದೇವ ಎಂಬ ಗೋತ್ರಗಳು ಅವರಲ್ಲಿವೆ. ಶತಮಾನಗಳ ಕಾಲ ಬಸದಿ, ಮುನಿಗಳ ಸಂಪರ್ಕ ತಪ್ಪಿದ್ದರೂ ಸಸ್ಯಾಹಾರವನ್ನು ಬಿಡಲಿಲ್ಲ. ಅವರಲ್ಲಿ ಕೆಲವು ಶಾಖೆಗಳವರಿಗೆ ನೇಯ್ಗೆಯೇ ಕಸುಬು. ಯಾತ್ರೆಗೆ ಹೋದವರು ಶಿಖರಜಿಯಿಂದ ಒಂದು ದಿನ ಹೆಚ್ಚು ತೆಗೆದುಕೊಂಡು ಸರಾಕರ ಊರುಗಳನ್ನು ನೋಡಿ ಬಂದರೆ ಸೀರೆಗಿಂತ ದೊಡ್ಡ ಲಾಭ.

ಕೊಳ್ಳುವಾಗ

ಬಟ್ಟೆ ಅಪ್ಪಟ ರೇಷ್ಮೆಯೇ ಎಂದು ತಿಳಿಯಲು 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ತಂದ ಸಿಲ್ಕ್ ಮಾರ್ಕ್ ಚೀಟಿ ಇದೆ. ಒಂದೆರಡು ಎಳೆ ಕಿತ್ತು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕಾಗದ ಸುಟ್ಟಂತೆ ಉರಿಯುತ್ತದೆ, ಇಲ್ಲವೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸಿಲ್ಕ್ ಮಾರ್ಕ್ ಹೇಳುವುದು ಶುದ್ಧತೆಯನ್ನು ಮಾತ್ರ. ಹುಳು ಸತ್ತಿತೇ ಬದುಕಿತೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ‘ಅಹಿಂಸಾ’ ಎಂದು ಅಂಗಡಿಯವರೇ ಅಚ್ಚು ಹಾಕಿಸಿ ಹೊಲಿದ ಚೀಟಿಗೆ ಅವರ ಮಾತಿಗಿಂತ ಹೆಚ್ಚಿನ ಬೆಲೆಯಿಲ್ಲ. ಕೇಳಬೇಕಾದದ್ದು ಹಾಸು ಯಾವ ನೂಲು, ಹೊಕ್ಕು ಯಾವ ನೂಲು, ಗೂಡು ಎಲ್ಲಿಂದ ಬಂತು ಎಂದು. ನೂಲಿನ ಮೂಲ ತಿಳಿದು ಮಾಲು ಕೊಳ್ಳುವ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೆ ಅದೇ ಉತ್ತರ.

ಪೂಜೆಗೆ, ಅಭಿಷೇಕಕ್ಕೆ ಯಾವ ವಸ್ತ್ರ ಎಂಬುದರಲ್ಲಿ ಮನೆತನದ ರೂಢಿಯೂ ಇದೆ, ಮುನಿಸಂಘಗಳ ಸೂಚನೆಯೂ ಇದೆ. ಮಡಿಗೆ ರೇಷ್ಮೆಯೇ ಶ್ರೇಷ್ಠ ಎಂಬ ಹಳೆಯ ಅಭ್ಯಾಸವಿರುವ ಮನೆಗಳಿವೆ, ಒಗೆದ ಹತ್ತಿಯನ್ನೇ ಉಡುವ ಮನೆಗಳೂ ಇವೆ. ಸಂದೇಹವಿದ್ದಲ್ಲಿ ಒಗೆದ ಹತ್ತಿಗೆ ಯಾರ ಆಕ್ಷೇಪವೂ ಇಲ್ಲ, ಖರ್ಚೂ ಕಡಿಮೆ. ಅಜ್ಜಿಯ ಕಾಲದ ಟಸರ್ ಸೀರೆಯನ್ನು ಏನು ಮಾಡುವುದೆಂಬ ಪ್ರಶ್ನೆಯೂ ಏಳುತ್ತದೆ. ಹೊಸದನ್ನು ಕೊಳ್ಳುವುದು ಬೇರೆ, ಇದ್ದುದನ್ನು ಇಟ್ಟುಕೊಳ್ಳುವುದು ಬೇರೆ. ಅದನ್ನು ಎಸೆದರೆ ಯಾವ ಜೀವವೂ ಮರಳುವುದಿಲ್ಲ. ಅನೇಕರು ಬಸದಿಗೆ ಉಡದೆ ನೆನಪಿಗೆಂದು ಇಟ್ಟುಕೊಂಡಿದ್ದಾರೆ.

ಹಾಗೆ ಇಟ್ಟ ಸೀರೆಗೆ ನುಸಿಗುಳಿಗೆ ಹಾಕಬೇಕಾಗಿಲ್ಲ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯನ್ನೋ ನಾಲ್ಕು ಲವಂಗವನ್ನೋ ಬಟ್ಟೆಯ ಚೀಲದಲ್ಲಿ ಪಕ್ಕಕ್ಕಿಟ್ಟು, ವರ್ಷಕ್ಕೆ ಎರಡು ಸಲ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆಯ ಗೆರೆ ಬದಲಿಸಿ ಇಡಬೇಕು. ಒಂದೇ ಗೆರೆಯಲ್ಲಿ ಬಹಳ ಕಾಲ ಮಡಿಸಿಟ್ಟ ಟಸರ್ ಆ ಗೆರೆಯಲ್ಲಿಯೇ ಸೀಳುತ್ತದೆ.